ಎಆರ್‌ಟಿ ನಡುವೆ ನಿಲ್ಲದಂತೆ ನೋಡಿಕೊಳ್ಳುವುದು: ಕೇಂದ್ರದ ಮೇಜಿನಿಂದ ಬಾಣಂತಿಯ ತವರಿನವರೆಗೆ

ಎಚ್‌ಐವಿ ಚಿಕಿತ್ಸೆಯಲ್ಲಿ ಮಾತ್ರೆ ಶುರುಮಾಡಿಸುವುದು ಈಗ ಮೊದಲಿನಷ್ಟು ಕಷ್ಟವಲ್ಲ. 2004ರ ಏಪ್ರಿಲ್ 1ರಂದು ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆ) ಆರಂಭವಾದಾಗ ಸಿಡಿ4 (ರಕ್ತದಲ್ಲಿನ ರೋಗನಿರೋಧಕ ಕಣಗಳ ಎಣಿಕೆ) ಇಳಿಯುವವರೆಗೆ ಕಾಯಬೇಕಿತ್ತು. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಮಾತ್ರೆ ಸಿಗುತ್ತದೆ. ಬಹುತೇಕ ದೊಡ್ಡವರಿಗೆ ದಿನಕ್ಕೊಂದೇ ಮಾತ್ರೆ: ಟೆನೊಫೊವಿರ್ 300 ಮಿ.ಗ್ರಾಂ., ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಸೇರಿದ ಟಿಎಲ್‌ಡಿ. ಪೇಚಾಟ ಶುರುವಾಗುವುದು ಮೈ ಚೇತರಿಸಿಕೊಂಡ ಮೇಲೆ. ಮೂರನೇ ವರ್ಷದಲ್ಲೋ ಐದನೇ ವರ್ಷದಲ್ಲೋ, ಯಾವ ತೊಂದರೆಯೂ ಇಲ್ಲದ ಮನುಷ್ಯ ಒಂದು ತಿಂಗಳು ಬರುವುದಿಲ್ಲ, ಆಮೇಲೆ ಬರಲು ನಾಚುತ್ತಾನೆ.

ಮಾತ್ರೆ ತಪ್ಪುವ ಮೊದಲು ತಾರೀಖು ತಪ್ಪುತ್ತದೆ. ಹಾಗಾಗಿ ಉಪದೇಶಕ್ಕಿಂತ ತಾರೀಖಿನ ಲೆಕ್ಕ, ಸರಿಯಾದ ಫೋನ್ ನಂಬರು, ತಡವಾಗಿ ಬಂದವರಿಗೆ ಆಡುವ ಮೊದಲ ಮಾತು, ಈ ಮೂರನ್ನು ಸರಿಪಡಿಸಿದರೆ ಹೆಚ್ಚು ಜನ ಉಳಿಯುತ್ತಾರೆ. ಎಆರ್‌ಟಿ ಮತ್ತು ಊರಿಗೆ ಹತ್ತಿರದಲ್ಲೇ ಮಾತ್ರೆ ಕೊಡುವ ಲಿಂಕ್ ಎಆರ್‌ಟಿ ಕೇಂದ್ರಗಳ ಆಪ್ತ ಸಮಾಲೋಚಕರು, ನರ್ಸ್‌ಗಳು, ಮಾತ್ರೆ ಕೊಡುವವರು, ಕ್ಷೇತ್ರಕ್ಕೆ ಹೋಗುವ ಕಾರ್ಯಕರ್ತರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು. ಚಿಕಿತ್ಸೆಯಲ್ಲಿರುವವರಿಗೂ ಮನೆಯವರಿಗೂ ಇದರಲ್ಲಿ ಕೆಲವು ಸಂಗತಿ ಉಪಯೋಗಕ್ಕೆ ಬರುತ್ತವೆ.

1. ಮೊದಲ ತಿಂಗಳು

ಶುರುಮಾಡುವ ದಿನ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಈ ನಾಲ್ಕನ್ನೂ ಕೇಳದೆ ಡಬ್ಬಿ ಕೈಗೆ ಕೊಡಬೇಡಿ. ಒಂದು ಇದ್ದರೂ ಮೊದಲು ಟಿಬಿ ಪರೀಕ್ಷೆ. ಸಿಡಿ4 ತೀರಾ ಕಡಿಮೆ ಇದ್ದವರಲ್ಲಿ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ರೋಗನಿರೋಧಕ ಶಕ್ತಿ ಮರಳಿ ಏಳುವಾಗ, ಒಳಗೆ ಅಡಗಿದ್ದ ಟಿಬಿ ಜ್ವರವಾಗಿಯೋ ಕುತ್ತಿಗೆಯ ಗಂಟಾಗಿಯೋ ಹೊರಬೀಳುತ್ತದೆ. ಡಾಕ್ಟರು ಇದನ್ನು ‘ಐರಿಸ್’ ಅನ್ನುತ್ತಾರೆ. ಮನೆಯಲ್ಲಿ ಮಾತ್ರ ಇದಕ್ಕೆ ಬೇರೆ ಅರ್ಥ: ‘ಆ ಮಾತ್ರೆ ತಗೊಂಡ ಮೇಲೇ ಹಾಸಿಗೆ ಹಿಡಿದ’. ಮೊದಲೇ ಹೇಳಿಟ್ಟಿದ್ದರೆ ಅವರು ಮಾತ್ರೆ ಬಿಸಾಡದೆ ಕೇಂದ್ರಕ್ಕೆ ಬರುತ್ತಾರೆ.

ಸಣ್ಣ ತೊಂದರೆಗಳನ್ನೂ ಹೆಸರು ಹಿಡಿದು ಹೇಳಿ. ತಲೆನೋವು, ವಾಕರಿಕೆ ಮೊದಲ ಕೆಲ ವಾರಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತವೆ. ಡೊಲುಟೆಗ್ರಾವಿರ್‌ನಿಂದ ಕೆಲವರಿಗೆ ನಿದ್ದೆ ಕೆಡುತ್ತದೆ. ಅಂಥವರು ರಾತ್ರಿಯ ಮಾತ್ರೆಯನ್ನು ಬೆಳಗಿಗೆ ಬದಲಾಯಿಸಿಕೊಂಡರೆ ಹಲವರಿಗೆ ಸರಿಹೋಗುತ್ತದೆ. ಹಿಂದೆ ಎಫಾವಿರೆಂಜ್ ನುಂಗುತ್ತಿದ್ದವರಿಗೆ ‘ಮಲಗುವಾಗಲೇ’ ಎಂದು ಹೇಳಿದ್ದು ತಲೆಯಲ್ಲಿ ಕೂತಿರುತ್ತದೆ. ಟಿಎಲ್‌ಡಿಗೆ ಆ ನಿಯಮ ಇಲ್ಲ ಎಂದು ಬಿಡಿಸಿ ಹೇಳಬೇಕು. ಊಟಕ್ಕೂ ಇದಕ್ಕೂ ಸಂಬಂಧವಿಲ್ಲ, ಹೊಟ್ಟೆ ತುಂಬಿರಲಿ ಖಾಲಿಯಿರಲಿ ನಡೆಯುತ್ತದೆ. ಎರಡು ವಾರಕ್ಕೊಮ್ಮೆ ಫೋನ್ ಮಾಡಿ ‘ನಿದ್ದೆ ಹೇಗಿದೆ, ವಾಂತಿ ಏನಾದರೂ?’ ಎಂದು ಕೇಳಿದರೆ ಸಾಕು.

2. ಫೋನ್ ನಂಬರು

ಎಲ್ಲ ಕೇಂದ್ರಗಳಲ್ಲೂ ನಂಬರು ಬರೆದುಕೊಳ್ಳುತ್ತಾರೆ. ಬೇಕಾದಾಗ ಹಚ್ಚಿದರೆ ಅದರಲ್ಲಿ ಎಷ್ಟೋ ಸ್ವಿಚ್ ಆಫ್. ಬರೆದುಕೊಂಡ ಕೂಡಲೇ ಅವರೆದುರೇ ಒಂದು ಮಿಸ್ಡ್ ಕಾಲ್ ಕೊಟ್ಟು ರಿಂಗ್ ಆಗುವುದನ್ನು ನೋಡಿ. ನಂತರ ಕೇಳಬೇಕಾದವು: ಈ ಫೋನ್ ಯಾರದು? ಯಾವ ಹೊತ್ತಿಗೆ ನಿಮ್ಮ ಕೈಯಲ್ಲೇ ಇರುತ್ತದೆ? ಬೇರೆಯವರು ಎತ್ತಿದರೆ ನಾವು ಯಾರು ಅಂತ ಹೇಳಬೇಕು? ಕೊನೆಯ ಪ್ರಶ್ನೆಗೆ ಬಂದ ಉತ್ತರವನ್ನು ಅವರು ಹೇಳಿದ ಹಾಗೇ ಕಾರ್ಡಿನ ಮೇಲೆ ಬರೆಯಿರಿ: ‘ಹೊಲಿಗೆ ಕ್ಲಾಸಿನವರು’, ‘ಸಂಘದ ಮೇಡಂ’, ‘ಬಿಪಿ ಡಾಕ್ಟರ ಆಫೀಸು’. ಎರಡನೇ ನಂಬರು ಕೊಡುವವರಿದ್ದರೆ, ಆ ಎರಡನೆಯವರಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಅನ್ನುವುದೂ ಅಲ್ಲೇ ಇರಲಿ.

ಮನೆಗೆ ಬರಬಹುದೇ ಎಂಬುದಕ್ಕೆ ಒಪ್ಪಿಗೆ ಬೇರೆಯಾಗಿ ಬೇಕು, ಬರಹದಲ್ಲಿ ಬೇಕು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ ಪ್ರಕಾರ, ಕಾಯ್ದೆಯೇ ಹೇಳಿದ ಕೆಲವು ಸಂದರ್ಭ ಬಿಟ್ಟರೆ, ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ. ಕಾನೂನು ಹಾಗಿರಲಿ, ಒಂದು ಓಣಿಯಲ್ಲಿ ಒಬ್ಬರ ಗುಟ್ಟು ರಟ್ಟಾದರೆ ಅದೇ ಓಣಿಯ ಇನ್ನಿಬ್ಬರು ಕೇಂದ್ರಕ್ಕೆ ಬರುವುದನ್ನೇ ನಿಲ್ಲಿಸುತ್ತಾರೆ.

3. ತಾರೀಖನ್ನು ಹೇಗೆ ಕೊಡಬೇಕು

ಮೂವತ್ತು ಮಾತ್ರೆ ಕೊಟ್ಟು ಮೂವತ್ತನೇ ದಿನ ಬನ್ನಿ ಅನ್ನುವುದು ಹಳೆಯ ತಪ್ಪು. ಅಂದು ಬಸ್ ತಪ್ಪಿದರೂ ಸಾಕು, ಆ ರಾತ್ರಿಗೆ ಮಾತ್ರೆಯಿಲ್ಲ. 28ನೇ ದಿನಕ್ಕೆ ಕೊಡಿ. ಎರಡು ಮಾತ್ರೆ ಉಳಿಕೆ ಇರುತ್ತದೆ, ಮೇಲಾಗಿ ನಾಲ್ಕು ವಾರಕ್ಕೆ ಸರಿಯಾಗಿ ಅದೇ ವಾರ ಬರುತ್ತದೆ. ‘ಮಂಗಳವಾರದ ಸಂತೆ ದಿನ’ ಎಂದರೆ ನೆನಪಿರುತ್ತದೆ, 17ನೇ ತಾರೀಖು ಎಂದರೆ ಇರುವುದಿಲ್ಲ. ಸಂತೆಗೆ ಬಂದವರು ಆಸ್ಪತ್ರೆಗೆ ಯಾಕೆ ಹೋದರು ಅಂತ ಯಾರೂ ಕೇಳುವುದೂ ಇಲ್ಲ. ಮೂರು ತಿಂಗಳಿಗೆ 90 ಮಾತ್ರೆ ಕೊಡುವಾಗಲೂ ಇದೇ ಲೆಕ್ಕ: 84ನೇ ದಿನ, ಅಂದರೆ ಹನ್ನೆರಡು ವಾರ, ಉಳಿಕೆ ಆರು.

ಉಳಿಕೆ ತಿಂಗಳು ತಿಂಗಳೂ ಬೆಳೆಯುತ್ತದೆ. ಹತ್ತು-ಹನ್ನೆರಡಕ್ಕೆ ಮುಟ್ಟಿದಾಗ ಒಂದು ಸಲ ತಾರೀಖನ್ನು ಒಂದು ವಾರ ಮುಂದೂಡಿ ಸರಿದೂಗಿಸಿ.

ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಹತೋಟಿಯಲ್ಲಿದ್ದು, ಬೇರೆ ಕಾಯಿಲೆಯಿಲ್ಲದೆ ತಪ್ಪದೆ ಬರುತ್ತಿರುವವರನ್ನು ತಿಂಗಳು ತಿಂಗಳೂ ಕರೆಸುವುದರಲ್ಲಿ ಅರ್ಥವಿಲ್ಲ. ಅರ್ಹರಿಗೆ ಹಲವು ತಿಂಗಳ ಮಾತ್ರೆ ಒಟ್ಟಿಗೆ ಕೊಡಲು, ಊರಿಗೆ ಹತ್ತಿರದ ಲಿಂಕ್ ಕೇಂದ್ರದಲ್ಲಿ ಪಡೆಯಲು ಅವಕಾಶವಿದೆ. ಶಕ್ತಿ ಯೋಜನೆ ಬಂದ 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಟಿಕೆಟ್ ಖರ್ಚಿಲ್ಲ, ನಿಜ. ಹೋದ ದಿನದ ಕೂಲಿಯನ್ನು ಮಾತ್ರ ಯಾರೂ ತುಂಬಿಕೊಡುವುದಿಲ್ಲ. ಹೀಗಿದ್ದೂ ಕೆಲವರು ಹತ್ತಿರದ ಲಿಂಕ್ ಕೇಂದ್ರ ಬೇಡವೆಂದು ಎರಡು ತಾಲ್ಲೂಕು ದಾಟಿ ಬರುತ್ತಾರೆ. ಹತ್ತಿರದ ಆಸ್ಪತ್ರೆಯ ಕಾಂಪೌಂಡಿನಲ್ಲಿ ಗುರುತಿನವರು ಸಿಗುತ್ತಾರೆಂಬ ಭಯ ಅದು. ಒತ್ತಾಯ ಮಾಡಬೇಡಿ.

4. ಮಾತ್ರೆ ಎಣಿಸುವುದು, ಮತ್ತು ಎಣಿಕೆ ಹೇಳುವ ಸುಳ್ಳು

ನುಂಗಿದ್ದು ÷ ನುಂಗಬೇಕಾಗಿದ್ದು × 100. 28 ದಿನದಲ್ಲಿ ಒಂದು ತಪ್ಪಿದರೆ 96, ಎರಡು ತಪ್ಪಿದರೆ 93. ಗುರಿ 95ರ ಮೇಲೆ ಇರುವುದರಿಂದ ಎರಡೇ ಮಾತ್ರೆಯ ವ್ಯತ್ಯಾಸಕ್ಕೆ ರೋಗಿ ‘ಸರಿಯಿಲ್ಲ’ ಎಂಬ ಕಾಲಂಗೆ ಬೀಳುತ್ತಾರೆ. ಎಡವುವುದು ಇಲ್ಲೇ. ಹಿಂದಿನ ತಿಂಗಳ ಎರಡು ಮಾತ್ರೆ ಮನೆಯಲ್ಲಿತ್ತು, ಈ ತಿಂಗಳು 30 ಕೊಟ್ಟಿರಿ, ಒಟ್ಟು 32. ಆಕೆ ಒಂದೂ ತಪ್ಪದೆ 28 ನುಂಗಿ ನಾಲ್ಕು ತಂದಿದ್ದಾರೆ. ಹಳೆಯ ಎರಡನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 26 ನುಂಗಿದ ಹಾಗೆ ಕಾಣುತ್ತದೆ, 93 ಎಂದು ಬರೆದು ‘ಯಾಕಮ್ಮ ಎರಡು ಬಿಟ್ಟಿದ್ದೀಯ?’ ಅನ್ನುತ್ತೀರಿ. ಸರಿಯಾಗಿ ನುಂಗಿದವರಿಗೆ ಬೈಗುಳ. ಮುಂದಿನ ಸಲ ಆಕೆ ಕಲಿತುಕೊಳ್ಳುತ್ತಾರೆ: ಹೆಚ್ಚಿದ್ದನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಸಾಡಿ, ‘ಸರಿಯಾದ’ ಎರಡನ್ನು ಮಾತ್ರ ತರುತ್ತಾರೆ.

ಹಾಗೆ ಬಿಸಾಡುವುದು ಅಪರೂಪವಲ್ಲ. ತಿಂಗಳು ತಿಂಗಳೂ ಅಚ್ಚುಕಟ್ಟಾಗಿ ಅಷ್ಟೇ ಉಳಿಕೆ ತರುವವರ ವೈರಲ್ ಲೋಡ್ ಏರಿದ್ದರೆ, ಲೆಕ್ಕವನ್ನು ನಂಬಬೇಡಿ, ರಿಪೋರ್ಟನ್ನು ನಂಬಿ.

ಕೇಳುವ ಧಾಟಿ ಬದಲಾದರೆ ಉತ್ತರವೂ ಬದಲಾಗುತ್ತದೆ. ‘ಎಲ್ಲಾ ಸರಿಯಾಗಿ ತಗೊಂಡ್ರಾ?’ ಅಂದರೆ ಬರುವ ಉತ್ತರ ಒಂದೇ, ‘ಹ್ಞೂಂ’. ‘ಎಲ್ಲರಿಗೂ ಒಂದೆರಡು ತಪ್ಪುತ್ತವೆ. ನಿಮಗೆ ಕಳೆದ ನಾಲ್ಕು ದಿನದಲ್ಲಿ ಯಾವ ದಿನ ತಪ್ಪಿತ್ತು? ಆ ದಿನ ಎಲ್ಲಿದ್ದಿರಿ?’ ಎಂದು ಕೇಳಿ. ‘ಮದುವೆಗೆ ಹೋಗಿದ್ದೆ, ಚೀಲ ಬೇರೆಯವರ ಹತ್ರ ಇತ್ತು’ ಎಂದರೆ ಮರೆವು ಅಲ್ಲ, ಬಚ್ಚಿಡುವ ಜಾಗದ ಸಮಸ್ಯೆ ಎಂದು ಗೊತ್ತಾಗುತ್ತದೆ.

ಡಬ್ಬಿಯ ವಿಷಯ ಇಲ್ಲೇ ಹೇಳಬೇಕು. ಮೂವತ್ತು ಮಾತ್ರೆಯ ಪ್ಲಾಸ್ಟಿಕ್ ಡಬ್ಬಿ ಚೀಲದಲ್ಲಿ ಗಲಗಲ ಅನ್ನುತ್ತದೆ, ಲೇಬಲ್ ಮೇಲೆ ಹೆಸರಿದೆ. ಅತ್ತೆಯ ಕಣ್ಣು ತಪ್ಪಿಸಲು ಸೊಸೆ ಮಾತ್ರೆಗಳನ್ನು ಕಾಗದದ ಪೊಟ್ಟಣಕ್ಕೆ ಸುರಿದು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಾಳೆ, ಮಾತ್ರೆ ತೇವ ಎಳೆದುಕೊಂಡು ಕೆಡುತ್ತದೆ. ಡಬ್ಬಿಯೊಳಗಿನ ಆ ಪುಟ್ಟ ಪೊಟ್ಟಣವೋ ಬಿಲ್ಲೆಯೋ ಇರುವುದು ತೇವ ಹೀರಲಿಕ್ಕೆ, ಅದನ್ನು ತೆಗೆಯಬಾರದು. ಪರಿಹಾರ ಸುಲಭ: ಲೇಬಲ್ ಕಿತ್ತುಹಾಕಿ, ಮೇಲೆ ಒಣ ಹತ್ತಿಯ ಉಂಡೆ ತುರುಕಿ ಮುಚ್ಚಳ ಬಿಗಿ ಮಾಡಿದರೆ ಸದ್ದೂ ಇಲ್ಲ, ಗುರುತೂ ಇಲ್ಲ. ಲೇಬಲ್ ಕೀಳುವ ಮೊದಲು ಮುಗಿಯುವ ತಿಂಗಳು-ವರ್ಷವನ್ನು ಡಬ್ಬಿಯ ತಳದಲ್ಲಿ ಪೆನ್ನಿನಿಂದ ಬರೆದುಕೊಳ್ಳಲಿ. ಸೀರೆಯ ಸೆರಗಿಗೋ ಪರ್ಸಿಗೋ ಎರಡು ಮಾತ್ರೆ ಬೇರೆ ಇಟ್ಟುಕೊಂಡರೆ ಊರಿಗೆ ಹೋದಾಗ ಉಳಿದುಕೊಳ್ಳಬೇಕಾದರೂ ತೊಂದರೆಯಿಲ್ಲ.

5. ತಪ್ಪಿದ ಮಾತ್ರೆ, ಜೊತೆಯ ಮಾತ್ರೆಗಳು

ನೆನಪಾದ ಕೂಡಲೇ ನುಂಗುವುದು. ಮುಂದಿನ ಮಾತ್ರೆಗೆ ನಾಲ್ಕು ಗಂಟೆಯೂ ಉಳಿದಿಲ್ಲವೆಂದರೆ ತಪ್ಪಿದ್ದನ್ನು ಬಿಟ್ಟು ಮುಂದಿನದನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು. ಒಟ್ಟಿಗೆ ಎರಡು ಬೇಡ.

ಕಬ್ಬಿಣ, ಕ್ಯಾಲ್ಸಿಯಂ, ಸತುವಿನ ಮಾತ್ರೆಗಳು ಮತ್ತು ಎದೆಯುರಿಗೆ ಕುಡಿಯುವ ಆಂಟಾಸಿಡ್ ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಹೋಗದಂತೆ ಮಾಡುತ್ತವೆ. ಇವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಟಿಎಲ್‌ಡಿ ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಆದರೆ ಊಟದ ಜೊತೆ ಟಿಎಲ್‌ಡಿಯನ್ನೂ ಒಟ್ಟಿಗೆ ನುಂಗಬಹುದು. ಆಂಟಾಸಿಡ್‌ಗೆ ಈ ರಿಯಾಯಿತಿ ಇಲ್ಲ. ಸಕ್ಕರೆ ಕಾಯಿಲೆಯವರ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿ.ಗ್ರಾಂ. ಮೀರಬಾರದು. ಟಿಬಿಗೆ ರಿಫಾಂಪಿಸಿನ್ ಶುರುವಾದರೆ ಟಿಎಲ್‌ಡಿ ಜೊತೆಗೆ ಹನ್ನೆರಡು ಗಂಟೆ ಬಿಟ್ಟು ಇನ್ನೊಂದು ಡೊಲುಟೆಗ್ರಾವಿರ್ 50 ಬೇಕು. ಟಿಬಿ ಮಾತ್ರೆ ಮುಗಿದ ಮೇಲೂ ಅದು ಎರಡು ವಾರ ಮುಂದುವರಿಯುತ್ತದೆ. ಮೂರ್ಛೆರೋಗಕ್ಕೆ ಫೆನಿಟಾಯಿನ್, ಕಾರ್ಬಮಾಜೆಪಿನ್ ತೆಗೆದುಕೊಳ್ಳುವವರಿದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ. ‘ಬೇರೆ ಏನು ಮಾತ್ರೆ ತಗೋತೀರಿ?’ ಎಂದು ಕೇಳಿದರೆ ಸಾಲದು, ಚೀಲ ಸುರಿದು ನೋಡಬೇಕು. ನಾಟಿ ಪುಡಿ, ಶಕ್ತಿಯ ಟಾನಿಕ್ ಎಲ್ಲ ಅದರಲ್ಲೇ ಇರುತ್ತವೆ.

ಕುಡಿಯುವವರ ಮಾತು ಬೇರೆ. ‘ಕುಡಿದ ದಿನ ಮಾತ್ರೆ ತಗೋಬಾರದು’ ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು ವಾರಕ್ಕೆ ಮೂರು ದಿನ ಬಿಡುವವರಿದ್ದಾರೆ. ಕುಡಿತ ಬಿಡಿಸುವ ಪ್ರಯತ್ನ ಜೊತೆಗೇ ನಡೆಯಲಿ, ಆದರೆ ಅದು ಮಾತ್ರೆಗೆ ಶರತ್ತಾಗಬಾರದು. ಮಾತ್ರೆಯನ್ನು ಬೆಳಗಿನ ಚಹಾದ ಹೊತ್ತಿಗೆ ಬದಲಾಯಿಸಿ. ರೋಜಾ ಹಿಡಿಯುವವರು ಇಫ್ತಾರ್‌ಗೋ ಸಹರಿಗೋ ಹೊಂದಿಸಿಕೊಂಡರೆ ಆಯಿತು, ದಿನಕ್ಕೊಂದೇ ಆದ್ದರಿಂದ ಅಡ್ಡಿಯಿಲ್ಲ.

6. ಬಾರದಿದ್ದ ದಿನ

ಪ್ರತಿದಿನ ಸಂಜೆ ಬಾಗಿಲು ಹಾಕುವ ಮೊದಲು ಅಂದು ಬರಬೇಕಿದ್ದು ಬಾರದವರ ಪಟ್ಟಿ ತೆಗೆಯಿರಿ. ತಿಂಗಳ ಕೊನೆಯಲ್ಲಿ ವರದಿಗಾಗಿ ತೆಗೆಯುವ ಪಟ್ಟಿ ಬೇರೆ. ಅದರಲ್ಲಿ ಹೆಸರು ಬರುವಷ್ಟರಲ್ಲಿ ಮಾತ್ರೆ ಮುಗಿದು ಮೂರು ವಾರ ಆಗಿರಬಹುದು. ಉಳಿಕೆ ಎರಡೇ ಇದ್ದವರಿಗೆ ಮೂರನೇ ದಿನ ಡಬ್ಬಿ ಖಾಲಿ. ಆದ್ದರಿಂದ ಮೊದಲ ಫೋನ್ ಅದೇ ಸಂಜೆ ಅಥವಾ ಮರುದಿನ, ಸಿಗದಿದ್ದರೆ ಮೂರನೇ ದಿನ ಬೇರೆ ಹೊತ್ತಿಗೆ, ಆಮೇಲೆ ಎರಡನೇ ನಂಬರು. ವಾರ ಕಳೆದರೂ ಸುದ್ದಿಯಿಲ್ಲವೆಂದರೆ, ಒಪ್ಪಿಗೆ ಕೊಟ್ಟವರ ಮನೆಗೆ ಹೋಗುವುದು.

ಫೋನಿನಲ್ಲಿ ಆಸ್ಪತ್ರೆಯ ಹೆಸರೂ ಬೇಡ, ರೋಗದ ಹೆಸರೂ ಬೇಡ. ಉತ್ತರ ಕರ್ನಾಟಕದ ಕಡೆ ಮಾತು ಹೀಗೆ ಸಾಗಬಹುದು:

‘ನಮಸ್ಕಾರ್ರೀ, ಹೊಲಿಗಿ ಕ್ಲಾಸಿನವ್ರು ಮಾತಾಡೋದು. ಅಕ್ಕಾರು ಅದಾರೇನ್ರೀ?’

ಆಕೆಯೇ ಎತ್ತಿದ್ದರೆ: ‘ಅಕ್ಕಾ, ಈಗ ಮಾತಾಡಾಕ ಅನುಕೂಲ ಐತೇನ್ರಿ? ಗುಳಿಗಿ ಎಷ್ಟ್ ಉಳದಾವು? ಇವತ್ತ ರಾತ್ರಿಗೆ ಅದಾವಿಲ್ಲೋ? … ಹಂಗಾರ ನಾಳೆ ಬರಾಕ ಆಕ್ಕೈತೋ, ನಾಡದೋ?’

‘ಯಾಕ ಬಂದಿಲ್ಲ?’ ಎಂಬ ಪ್ರಶ್ನೆ ಇಲ್ಲಿ ಇಲ್ಲ. ಕಾರಣವನ್ನು ಅವರು ಬಂದು ಕೂತ ಮೇಲೆ ಕೇಳಬಹುದು. ಫೋನಿನಲ್ಲಿ ಬೇಕಾದ್ದು ಎರಡೇ, ಉಳಿದ ಮಾತ್ರೆ ಎಷ್ಟು, ಬರುವ ದಿನ ಯಾವುದು.

ಮನೆ ಭೇಟಿಗೆ ಹೆಸರಿನ ಫಲಕವಿರುವ ಗಾಡಿ ಬೇಡ, ಕೊರಳಿನ ಗುರುತಿನ ಚೀಟಿ ಜೇಬಿನೊಳಗಿರಲಿ. ಒಬ್ಬರೇ ಹೋಗಿ. ದಾರಿ ಗೊತ್ತೆಂದು ಊರಿನ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗುವುದು ಬಹಳ ಕಡೆ ನಡೆಯುತ್ತದೆ. ರೋಗಿ ಒಪ್ಪದೆ ಹಾಗೆ ಮಾಡಬೇಡಿ, ಆಶಾ ಎಷ್ಟೇ ಒಳ್ಳೆಯವರಾಗಿದ್ದರೂ ಅದೇ ಊರಿನವರು.

7. ಊರು ಬಿಡುವವರು

ಯಾದಗಿರಿ, ಕಲಬುರಗಿ, ರಾಯಚೂರಿನಿಂದ ಬೆಂಗಳೂರು, ಪುಣೆ, ಮುಂಬೈಗೆ ಗೌಂಡಿ ಕೆಲಸಕ್ಕೆ ಹೋಗುವವರು, ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಹೊರಡುವವರು ಹೇಳದೆಯೇ ಹೋಗುತ್ತಾರೆ, ಏಕೆಂದರೆ ಮೇಸ್ತ್ರಿ ಹೇಳುವುದೇ ಹಿಂದಿನ ದಿನ. ದಸರೆಗೆ ಮೊದಲೇ ಕೇಳಿಡಿ: ಈ ಸಲ ಯಾವ ಕಡೆ, ಎಷ್ಟು ತಿಂಗಳು? ಹೋಗುವುದು ಖಚಿತವಿದ್ದರೆ ಹೆಚ್ಚು ತಿಂಗಳ ಮಾತ್ರೆ ಕೊಡಿಸಿ, ಅಲ್ಲಿಯ ಹತ್ತಿರದ ಎಆರ್‌ಟಿ ಕೇಂದ್ರದ ವಿಳಾಸ ಹುಡುಕಿಕೊಡಿ, ಚಿಕಿತ್ಸೆಯ ವಿವರವಿರುವ ಹಸಿರು ಪುಸ್ತಕ ಜೊತೆಗಿರಲಿ. ಬಹಳ ಕಾಲಕ್ಕೆ ಹೋಗುವವರಿಗೆ ಮಾತ್ರ ಟ್ರಾನ್ಸ್‌ಫರ್. ಬರೆದುಕೊಟ್ಟ ಮೇಲೆ ಆ ಕೇಂದ್ರಕ್ಕೆ ಫೋನ್ ಮಾಡಿ ತಲುಪಿದರೇ ಎಂದು ಕೇಳದಿದ್ದರೆ, ಇಲ್ಲಿಯ ಪಟ್ಟಿಯಿಂದಲೂ ಹೆಸರು ಹೋಯಿತು, ಅಲ್ಲಿಯ ಪಟ್ಟಿಗೂ ಸೇರಲಿಲ್ಲ. 1097 ಸಹಾಯವಾಣಿಯ ನಂಬರು ಎಲ್ಲಿಂದ ಬೇಕಾದರೂ ಹಚ್ಚಬಹುದು, ದುಡ್ಡು ಬೀಳುವುದಿಲ್ಲ.

ಗಂಡಸರ ವಲಸೆ ಎಲ್ಲರ ಗಮನಕ್ಕೂ ಬರುತ್ತದೆ. ಕಣ್ಣಿಗೆ ಬೀಳದ ವಲಸೆ ಬಾಣಂತನದ್ದು. ಏಳನೇ ತಿಂಗಳಿಗೆ ಸೀಮಂತ ಮುಗಿಸಿಕೊಂಡು ತವರಿಗೆ ಹೋದವಳು ಮಗುವಿಗೆ ಮೂರೋ ಐದೋ ತಿಂಗಳಾದ ಮೇಲೆ ಗಂಡನ ಮನೆಗೆ ಬರುತ್ತಾಳೆ. ಗಂಡನಿಗೆ ವಿಷಯ ಗೊತ್ತಿರುತ್ತದೆ, ತವರಿನವರಿಗೆ ಗೊತ್ತಿರುವುದಿಲ್ಲ. ಮಗುವಿಗೆ ಸೋಂಕು ದಾಟದಂತೆ ತಾಯಿಯ ವೈರಲ್ ಲೋಡ್ ತಗ್ಗಿರಲೇಬೇಕಾದ ತಿಂಗಳುಗಳೂ ಇವೇ. ಮೇಲೆ ಬಾಣಂತಿಗೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ದಿನವೂ ಇರುತ್ತವೆ, ಅವ್ವ ಎಲ್ಲವನ್ನೂ ಒಂದೇ ಅಂಗೈಗೆ ಹಾಕಿ ಕೊಡುತ್ತಾಳೆ.

ಹಾಗಾಗಿ ಆರನೇ ತಿಂಗಳಲ್ಲೇ ಕೂತು ಯೋಜನೆ ಮಾಡಿ. ತವರು ಯಾವ ತಾಲ್ಲೂಕು, ಹೆರಿಗೆ ಎಲ್ಲಿ, ಆ ಆಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಸಮಾಲೋಚನೆ, ಪರೀಕ್ಷೆಯ ಕೇಂದ್ರ) ಯಾರು ತಿಳಿಸುತ್ತಾರೆ, ಮಾತ್ರೆ ಅಲ್ಲಿಯೇ ಪಡೆಯುವುದೋ ಗಂಡ ತಂದುಕೊಡುವುದೋ. ತವರಿನಲ್ಲಿ ಟಿಎಲ್‌ಡಿಯನ್ನು ಊಟದ ಜೊತೆ ಉಳಿದ ಶಕ್ತಿ ಮಾತ್ರೆಗಳೊಂದಿಗೇ ನುಂಗುವುದು ಹೆಚ್ಚು ಸುಲಭ. ಯಾರೂ ಪ್ರಶ್ನೆ ಮಾಡುವುದಿಲ್ಲ, ಹೀರಿಕೆಗೂ ತೊಂದರೆಯಿಲ್ಲ. ಮಗುವಿಗೆ ಹುಟ್ಟಿದ ಕೂಡಲೇ ಶುರುವಾಗಬೇಕಾದ ಸಿರಪ್ ಎಷ್ಟು ವಾರ ಎಂಬುದನ್ನು ಡಾಕ್ಟರು ತಾಯಿಯ ವೈರಲ್ ಲೋಡ್ ನೋಡಿ ಹೇಳುತ್ತಾರೆ. ಆರನೇ ವಾರದ ರಕ್ತ ಪರೀಕ್ಷೆ ತಪ್ಪಿಹೋಗುವುದು ಹೆಚ್ಚಾಗಿ ತವರಿನಲ್ಲೇ. ಹುಟ್ಟಿದಾಗಿನ ಲಸಿಕೆಗಳ ನಂತರದ ಸುತ್ತಿನ ಲಸಿಕೆಗಳೂ ಅದೇ ಹೊತ್ತಿಗೆ ಬರುತ್ತವೆ. ‘ಲಸಿಕೆಗೆ ಹೋಗ್ತೀನಿ’ ಎಂದು ಹೊರಟರೆ ಎರಡೂ ಆಗುತ್ತದೆ.

8. ವೈರಲ್ ಲೋಡ್ ರಿಪೋರ್ಟನ್ನು ಹೇಗೆ ಹೇಳುವುದು

ಈ ಪರೀಕ್ಷೆ ಮಾತ್ರೆ ಶುರುವಾದ ಆರನೇ ತಿಂಗಳು, ಹನ್ನೆರಡನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ. ರಿಪೋರ್ಟಿನಲ್ಲಿ ವೈರಸ್ ಪತ್ತೆಯಾಗಿಲ್ಲ ಎಂದು ಬಂದಾಗ ‘ಏನೂ ಇಲ್ಲ, ನಾರ್ಮಲ್ ಆಗಿದೆ’ ಎಂದುಬಿಡುವ ಸಿಬ್ಬಂದಿ ತಮಗೆ ತಿಳಿಯದೆಯೇ ಒಬ್ಬರನ್ನು ಕಳೆದುಕೊಳ್ಳುತ್ತಾರೆ. ಕೇಳಿಸಿಕೊಂಡವರಿಗೆ ಅದರರ್ಥ ರೋಗ ಹೋಯಿತು ಎಂದೇ. ಮೇಲೆ ಯಾವನೋ ಪುಡಿ ಮಾರುವವನು ಇದೇ ರಿಪೋರ್ಟ್ ತೋರಿಸಿ ‘ನನ್ನ ಔಷಧಿಯಿಂದ’ ಎನ್ನುತ್ತಾನೆ. ಹೀಗೆ ಹೇಳಿ: ‘ರಕ್ತದಲ್ಲಿ ಈಗ ಮಷಿನ್ನಿಗೆ ಸಿಗದಷ್ಟು ಕಡಿಮೆಯಾಗಿದೆ. ದೇಹದೊಳಗೆ ಅಡಗಿ ಕೂತಿದೆ. ಮಾತ್ರೆ ನಿಲ್ಲಿಸಿದರೆ ಕೆಲವೇ ವಾರದಲ್ಲಿ ಮತ್ತೆ ಏಳುತ್ತದೆ.’ ಇದರ ಜೊತೆ ಒಳ್ಳೆಯ ಸುದ್ದಿಯನ್ನೂ ಮುಚ್ಚಿಡಬೇಡಿ: ಹೀಗೆ ಪತ್ತೆಯಾಗದ ಮಟ್ಟದಲ್ಲೇ ಉಳಿದಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಗಂಡ-ಹೆಂಡಿರಲ್ಲಿ ಒಬ್ಬರಿಗೆ ಮಾತ್ರ ಸೋಂಕಿರುವ ಮನೆಗಳಲ್ಲಿ, ಯಾವ ಉಪದೇಶಕ್ಕಿಂತಲೂ ಈ ಒಂದು ಮಾತು ಮಾತ್ರೆಯನ್ನು ಉಳಿಸುತ್ತದೆ.

ವೈರಲ್ ಲೋಡ್ 1000 ದಾಟಿದ್ದರೆ ಗಾಬರಿಯಾಗಿ ಮಾತ್ರೆ ಬದಲಾಯಿಸುವುದಲ್ಲ. ತಿಂಗಳಿಗೊಮ್ಮೆಯಂತೆ ಮೂರು ಸಲ ಕೂರಿಸಿ ಮಾತಾಡಿ, ಅಡ್ಡಿ ಯಾವುದೆಂದು ಹುಡುಕಿ, ಮೂರು ತಿಂಗಳು ತಪ್ಪದೆ ನುಂಗಿದ ಮೇಲೆ ಮತ್ತೆ ಪರೀಕ್ಷೆ. ಡೊಲುಟೆಗ್ರಾವಿರ್‌ಗೆ ವೈರಸ್ ಸುಲಭಕ್ಕೆ ಒಗ್ಗಿಕೊಳ್ಳುವುದಿಲ್ಲ. ಹೆಚ್ಚಿನ ಸಲ ಕಾರಣ ನುಂಗದೇ ಇರುವುದು ಅಥವಾ ಆ ಕ್ಯಾಲ್ಸಿಯಂ ಮಾತ್ರೆ.

9. ಮರಳಿ ಬಂದವರು

ಎಂಟು ತಿಂಗಳು ಬಿಟ್ಟು ಬಂದವರನ್ನು ಸಾಲಿನ ಕೊನೆಗೆ ಕಳಿಸಿ, ಡಾಕ್ಟರು ಬೈದು, ‘ಇನ್ನೊಂದು ದಿನ ಬನ್ನಿ’ ಎಂದರೆ ಆ ಇನ್ನೊಂದು ದಿನ ಬರುವುದಿಲ್ಲ. ಅಂದೇ ಟಿಬಿಯ ನಾಲ್ಕು ಪ್ರಶ್ನೆ, ತೂಕ, ಸಿಡಿ4ಗೆ ರಕ್ತ. ಅಡ್ಡಿಯಿಲ್ಲದಿದ್ದರೆ ಅಂದೇ ಮಾತ್ರೆ. ಸಿಡಿ4 200ಕ್ಕಿಂತ ಕೆಳಗಿದ್ದರೆ ಹೊಸ ರೋಗಿಯಷ್ಟೇ ಎಚ್ಚರ ಬೇಕು. ಹೆಪಟೈಟಿಸ್ ಬಿ ಕೂಡ ಇರುವವರು ಟಿಎಲ್‌ಡಿ ಬಿಟ್ಟರೆ ಯಕೃತ್ತಿಗೆ ಏಟು ಬೀಳಬಹುದು, ಏಕೆಂದರೆ ಟೆನೊಫೊವಿರ್, ಲ್ಯಾಮಿವುಡಿನ್ ಅದನ್ನೂ ಹತ್ತಿಕ್ಕುತ್ತಿರುತ್ತವೆ. ಕಣ್ಣು ಹಳದಿಯಾಗಿದೆಯೇ ನೋಡಿ. ಆಡುವ ಮೊದಲ ಮಾತು ‘ಬಂದ್ರಲ್ಲ, ಒಳ್ಳೇದಾಯ್ತು, ಕೂತ್ಕೊಳ್ಳಿ’ ಎಂದಿದ್ದರೆ ಸಾಕು. ಮುಂದಿನ ಮೂರು ತಿಂಗಳು ಇವರಿಗೆ ತಿಂಗಳ ಮಾತ್ರೆಯೇ ಸರಿ, ನಡುವೆ ಒಂದು ಫೋನ್.

ಹುಟ್ಟಿನಿಂದ ಸೋಂಕಿರುವ ಮಕ್ಕಳು ಹದಿನಾಲ್ಕು-ಹದಿನೈದಕ್ಕೆ ಬಿಡುವುದು ಬೇರೆ ಕಾರಣಕ್ಕೆ. ‘ರಕ್ತ ಕಮ್ಮಿ ಐತಿ, ಅದಕ್ಕ ಗುಳಿಗಿ’ ಎಂದು ಅಜ್ಜಿ ಹೇಳಿದ್ದನ್ನು ನಂಬಿದ್ದ ಹುಡುಗ ಒಂದು ದಿನ ಮೊಬೈಲಿನಲ್ಲಿ ಮಾತ್ರೆಯ ಹೆಸರು ಹುಡುಕುತ್ತಾನೆ. ಎಂಟು-ಹತ್ತು ವಯಸ್ಸಿನಿಂದಲೇ ಹಂತಹಂತವಾಗಿ ಹೇಳುತ್ತಾ ಬಂದಿದ್ದರೆ ಆ ಸಿಟ್ಟು ಮಾತ್ರೆಯ ಮೇಲೆ ತಿರುಗುವುದು ಕಡಿಮೆ. ವಸತಿ ಶಾಲೆಗೆ ಸೇರುವ ವರ್ಷ ಡಬ್ಬಿ ಎಲ್ಲಿಡುತ್ತಾನೆ ಎಂಬುದನ್ನು ಅವನ ಜೊತೆಗೇ ಕೂತು ತೀರ್ಮಾನಿಸಿ.

10. ತಿಂಗಳಿಗೊಮ್ಮೆ ಸಿಬ್ಬಂದಿ ಕೂತು ನೋಡಬೇಕಾದ್ದು

ಬಾರದವರ ಪಟ್ಟಿಯನ್ನು ಕಾರಣದ ಪ್ರಕಾರ ವಿಂಗಡಿಸಿ: ತೀರಿಕೊಂಡವರು, ಬೇರೆ ಕೇಂದ್ರದಲ್ಲಿ ಮಾತ್ರೆ ಪಡೆಯುತ್ತಿರುವವರು, ಊರಲ್ಲೇ ಇದ್ದು ಬಾರದವರು, ಸುಳಿವೇ ಸಿಗದವರು. ದುಡಿಮೆಯ ಸಮಯ ಹೋಗಬೇಕಾದ್ದು ಮೂರನೆಯ ಗುಂಪಿಗೆ. ಒಂದೇ ಹೋಬಳಿಯಿಂದ ನಾಲ್ಕೈದು ಹೆಸರು ಒಟ್ಟಿಗೆ ಕಾಣಿಸಿದರೆ ಅದು ರೋಗಿಗಳ ಅಸಡ್ಡೆಯಲ್ಲ. ಬಸ್ ನಿಂತಿರಬಹುದು, ಗುಟ್ಟು ಬಯಲಾಗಿರಬಹುದು, ಪುಡಿ ಮಾರುವವನು ಬಂದಿರಬಹುದು.

ಆಪ್ತ ಸಮಾಲೋಚಕರು ಬದಲಾದಾಗ ರಿಜಿಸ್ಟರು ಹೊಸಬರ ಕೈಗೆ ಬರುತ್ತದೆ. ಯಾರಿಗೆ ಯಾವ ಹೊತ್ತಿಗೆ ಫೋನ್ ಮಾಡಬೇಕು, ಯಾವ ಹೆಸರಿನಲ್ಲಿ ಮಾಡಬೇಕು ಅನ್ನುವುದು ಕಾರ್ಡಿನಲ್ಲಿ ಬರೆದಿಲ್ಲದಿದ್ದರೆ, ಹಳಬರು ಹೋದ ಮೊದಲ ತಿಂಗಳಲ್ಲೇ ‘ಎಆರ್‌ಟಿ ಕೇಂದ್ರದಿಂದ ಮಾತಾಡ್ತಿದ್ದೀವಿ’ ಎಂಬ ಫೋನ್ ಅತ್ತೆಯ ಕೈಗೆ ಹೋಗುತ್ತದೆ. ಅಧಿಕಾರ ವಹಿಸಿಕೊಡುವ ವಾರ ಇಬ್ಬರೂ ಜೊತೆಗೆ ಕೂತು, ಕನಿಷ್ಠ ಕಳೆದ ಆರು ತಿಂಗಳಲ್ಲಿ ಒಮ್ಮೆ ತಪ್ಪಿಸಿಕೊಂಡವರ ಕಾರ್ಡುಗಳನ್ನಾದರೂ ಒಂದೊಂದಾಗಿ ನೋಡಬೇಕು.